ಸೇಲಂ ಲಾಡ್ಜಿನಲ್ಲಿ ಕರೆಂಟು ಹೋದಾಗ

ಇಬ್ಬರಿಗೂ ಒಂದೇ ರೂಮು ಸಾಕು ಎಂದು ನಮ್ಮ ಸಾಹುಕಾರ ಆದಿನಾರಾಯಣಪ್ಪ ಹೇಳಿದಾಗಲೇ ನನಗೆ ಮೈ ಉರಿದಿತ್ತು. ದೊಡ್ಡಬಳ್ಳಾಪುರದ ಅವರ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಲೇ ತಲೆ ನರೆತವನು ನಾನು. ಸೊಣ್ಣಪ್ಪ ಮೊನ್ನೆ ಮೊನ್ನೆ ರಾಜಘಟ್ಟದಿಂದ ಬಂದು ಸೇರಿದವನು. ಸೇಲಂನಲ್ಲಿ ಹೊಸ ನಮೂನೆಯ ಮಗ್ಗ ಬಂದಿದೆ, ನೋಡಿಕೊಂಡು ಬನ್ನಿ, ಬಂದ ಮೇಲೆ ನಿಮ್ಮಿಬ್ಬರಲ್ಲಿ ಒಬ್ಬನನ್ನು ಮೇಸ್ತ್ರಿ ಮಾಡುತ್ತೇನೆ ಎಂದರು. ಇವನ ಜೊತೆ ನನ್ನನ್ನು ತೂಗಿ ನೋಡುವುದೇ?

ಮೇಸ್ತ್ರಿ ಕೆಲಸ ಎಂದರೆ ಕಿವಿಯ ಕೆಲಸ. ಹಿಂದೆ ಇದ್ದ ವೆಂಕಟರಮಣಪ್ಪ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತು, ಅಷ್ಟೂ ಮಗ್ಗಗಳ ಗದ್ದಲದಲ್ಲಿ ಯಾವುದರ ಲಾಳಿ ತಪ್ಪಾಗಿ ಬಡಿಯುತ್ತಿದೆ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಜಾಗ ನನ್ನದೇ ಎಂದುಕೊಂಡಿದ್ದೆ. ದಿನವಿಡೀ ಮಗ್ಗದ ಮುಂದೆ ನಿಂತು ನಿಂತು ನನ್ನ ಮೊಣಕಾಲು ಹೋಗಿದೆ. ಮೇಸ್ತ್ರಿಯಾಗದಿದ್ದರೆ ಮನೆಯಲ್ಲಿ ಕೂರುವುದೊಂದೇ ದಾರಿ. ಕೂತರೆ ದುಡಿದು ಹಾಕುವವರು ಯಾರೂ ಇಲ್ಲ.

ಸೇಲಂ ಬಸ್ ಸ್ಟ್ಯಾಂಡಿನ ಹಿಂದೆ ಲಾಡ್ಜು. ಗಲ್ಲಾದಲ್ಲಿ ಕೂತಿದ್ದವನು ತಲೆ ಬಗ್ಗಿಸಿಕೊಂಡೇ ಏನೋ ಗೊಣಗಿದ. ತಮಿಳೋ ಏನು ಹಾಳೋ. "ಬಾಯಿ ಬಿಟ್ಟು ಮಾತಾಡಯ್ಯ!" ಎಂದು ಗದರಿದೆ. ಸೊಣ್ಣಪ್ಪ ನಡುವೆ ಬಂದು ಎಲ್ಲಕ್ಕೂ ಉತ್ತರ ಹೇಳಿದ. ಅದಕ್ಕೂ ನನಗೆ ಸಿಟ್ಟು.

ರೂಮಿನಲ್ಲಿ ಎರಡು ಕಬ್ಬಿಣದ ಮಂಚ, ನಡುವೆ ಒಂದು ನೀರಿನ ಹೂಜಿ. ನಾನು ಸಾಹುಕಾರನನ್ನು ಬೈಯುತ್ತಿದ್ದೆ. ಸೊಣ್ಣಪ್ಪ ನನ್ನೆದುರಿಗೆ ಬಂದು ಕೈ ಆಡಿಸಿದ.

"ಮೆಲ್ಲಗೆ ಮಾತಾಡಣ್ಣ. ಪಕ್ಕದ ರೂಮ್ನೋರು ಗೋಡೆ ಬಡೀತಾವ್ರೆ."

"ಯಾವನ್ಲಾ ಬಡೀತಿರೋನು? ನಿನ್ ತಲೆ!"

ನನಗೆ ಯಾವ ಬಡಿತವೂ ಕೇಳಲಿಲ್ಲ. ಹುಡುಗನಿಗೆ ಪರಊರಿನ ಹೆದರಿಕೆ ಎಂದುಕೊಂಡೆ.

ಮಾರನೆಯ ದಿನ ಮಗ್ಗ ನೋಡಲು ಹೋದೆವು. ಅಲ್ಲಿನ ಶೆಡ್ಡಿನೊಳಗೆ ಕಾಲಿಟ್ಟ ಮೇಲೆ ನನ್ನ ಮನಸ್ಸು ತಿಳಿಯಾಯಿತು. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಮ್ಮವರು ತುಟಿ ನೋಡಿ, ಬೆರಳು ನೋಡಿ, ಹುಬ್ಬು ನೋಡಿ ಮಾತಾಡುವವರು. ಅಲ್ಲಿಯೂ ಹಾಗೇ. ತಮಿಳಿನವನು ತೋರಿಸಿದ್ದೆಲ್ಲ ನನಗೆ ಸೊಣ್ಣಪ್ಪನಿಗಿಂತ ಮೊದಲೇ ಅರ್ಥವಾಯಿತು. ಇನ್ನೇನು, ಮೇಸ್ತ್ರಿ ನಾನೇ.

ಸಂಜೆ ರೂಮಿಗೆ ಬಂದು ಅಂಗಿ ಬಿಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಇದ್ದ ಒಂದು ಕಿಟಕಿಯ ಆಚೆಗೂ ಗೋಡೆಯೇ. ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು.

"ಲೇ ಸೊಣ್ಣಪ್ಪ, ಮಗ್ಗ ಹೆಂಗೈತೆ ಅಂತ ಸಾಹುಕಾರ್ರು ಕೇಳಿದ್ರೆ ಏನಂತೀಯಾ?"

ಸದ್ದಿಲ್ಲ.

"ಯಾಕ್ಲಾ, ಮೇಸ್ತ್ರಿ ಆಗೋ ಆಸೆ ಐತಾ ನಿಂಗೆ?"

ಅದಕ್ಕೂ ಇಲ್ಲ. ಹಿರಿಯನೊಬ್ಬ ಕೇಳುತ್ತಿದ್ದಾನೆ, ಇವನು ಬಾಯಿ ಹೊಲಿದುಕೊಂಡು ಕೂತಿದ್ದಾನೆ. ಎಷ್ಟು ಕೊಬ್ಬು! ನನಗೆ ತಡೆಯಲಾಗಲಿಲ್ಲ. ಎದ್ದೆ. ಹೂಜಿಗೆ ಕಾಲು ತಗಲಿತು, ಪಾದಕ್ಕೆ ನೀರು ಹರಿಯಿತು. ಅವನ ಮಂಚ ತಡಕಿ, ಭುಜ ಹಿಡಿದು, ಕೆನ್ನೆಗೆ ಬಿಡೋಣ ಎಂದು ಇನ್ನೊಂದು ಕೈಯಲ್ಲಿ ಮುಖ ಹುಡುಕಿದೆ.

ಅಂಗೈಗೆ ಅವನ ತುಟಿ ಸಿಕ್ಕಿತು. ಅದು ಆಡುತ್ತಿತ್ತು. ದವಡೆ ಆಡುತ್ತಿತ್ತು. ಬೆರಳಿಗೆ ಬಿಸಿ ಉಸಿರು ಬಡಿಯುತ್ತಿತ್ತು.

ಅವನು ಮಾತಾಡುತ್ತಲೇ ಇದ್ದ.

ನಾನು ಕೈ ತೆಗೆದೆ. ಅವನು ಬೆಂಕಿಕಡ್ಡಿ ಗೀರಿದ. ಆ ಬೆಳಕಿನಲ್ಲಿ ಅವನ ತುಟಿ ನೋಡಿದೆ.

"ಆಗ್ಲಿಂದ ಹೇಳ್ತಾನೇ ಇದೀನಲ್ಲಣ್ಣ. ಕೂಗಿ ಕೂಗಿ ಹೇಳ್ದೆ. ಕೇಳಿಸ್ಲಿಲ್ವಾ ನಿಂಗೆ?"

ಕಡ್ಡಿ ಆರಿತು. ನಾಯಿಯಂಥ ಚುರುಕು ಕಿವಿ ನನ್ನದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ನನ್ನ ಹೆಂಡತಿ ದ್ಯಾವಮ್ಮ ಏನು ಹೇಳುವುದಿದ್ದರೂ ಒಲೆ ಬಿಟ್ಟು ಎದ್ದು, ನನ್ನೆದುರಿಗೆ ಬಂದು ನಿಂತು ಹೇಳುತ್ತಾಳೆ. ಗಂಡನಿಗೆ ಕೊಡುವ ಮರ್ಯಾದೆ ಎಂದು ಬೀಗುತ್ತಿದ್ದೆ. ಪಾಪಿ, ಅವಳಿಗೆ ಗೊತ್ತಿತ್ತು. ಇಷ್ಟು ದಿನ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಸೊಣ್ಣಪ್ಪ ಇನ್ನೊಂದು ಕಡ್ಡಿ ಗೀರಿದ. ಯಾರ ಮುಂದೆಯೂ ಬಗ್ಗದ ನಾನು ಆ ಹುಡುಗನ ಇನ್ನೊಂದು ಕೈ ಹಿಡಿದುಕೊಂಡೆ.

"ಸಾಹುಕಾರ್ರಿಗೆ ಹೇಳ್ಬೇಡ ಕಣಪ್ಪ. ನಿನ್ ದಮ್ಮಯ್ಯ. ಹೇಳಲ್ಲ ಅನ್ನು."

ಅವನು ನನ್ನ ಮುಖವನ್ನೇ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಕಡ್ಡಿ ಬೆರಳು ಸುಟ್ಟಿತು, ಅವನು ಕೊಡವಿದ, ಮತ್ತೆ ಕತ್ತಲು. ಆ ಕತ್ತಲಲ್ಲಿ ಅವನು ಏನೋ ಹೇಳಿರಬೇಕು. ಇನ್ನೊಂದು ಕಡ್ಡಿ ಗೀರು ಎನ್ನಲು ನನಗೆ ಬಾಯಿ ಬರಲಿಲ್ಲ. ತಡಕಿಕೊಂಡು ಬಂದು ನನ್ನ ಮಂಚದ ಮೇಲೆ ಕೂತೆ.

ಕರೆಂಟು ಬಂದಾಗ ನೋಡಿದೆ. ಸೊಣ್ಣಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.