ಕೆಳಗಿನ ತರಗತಿಗೆ ಬಂದ ಅಕ್ಕ

ಕತ್ತರಿ ಮಿಸ್ ಯಾರನ್ನೂ ಹೊಡೆದವರಲ್ಲ, ಬೈದವರಲ್ಲ, ದನಿ ಎತ್ತಿದವರೂ ಅಲ್ಲ. ಹೊಡೆಯುವ ಮೇಷ್ಟ್ರಾದರೆ ಒಂದು ರೀತಿ ವಾಸಿ, ಬೆನ್ನು ಉಜ್ಜಿಕೊಂಡು ಮರೆತುಬಿಡಬಹುದು. ಇವರು ಇಂಗ್ಲಿಷ್ ವ್ಯಾಕರಣದ ಪೀರಿಯಡ್ಡಿನಲ್ಲಿ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆಯುತ್ತಿದ್ದರು. ಉತ್ತರ ಬಾರದಿದ್ದರೆ ಮೆಲ್ಲಗೆ, "ಚೀಲ ತಗೊಂಡು ಕೆಳಗೆ ಹೋಗಮ್ಮ" ಎನ್ನುತ್ತಿದ್ದರು, ಅಷ್ಟೇ. ಸದ್ದಿಲ್ಲದೆ ಕತ್ತರಿಸುವ ಈ ರೀತಿಗೇ ಮಕ್ಕಳು ಕತ್ತರಿ ಎಂದು ಹೆಸರಿಟ್ಟದ್ದು. ಕೆಳಗೆ ಎಂದರೆ ಮೆಟ್ಟಿಲಿಳಿದು ನಾಲ್ಕನೇ ತರಗತಿಗೆ. ಆರನೆಯ ತರಗತಿಯವರು ಅಲ್ಲಿನ ಕುಳ್ಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಉಳಿದ ಪೀರಿಯಡ್ಡು ಕಳೆಯಬೇಕು. ಬುನಾದಿ ಗಟ್ಟಿಯಾಗಲಿ ಎಂಬುದು ಮಿಸ್ ವಾದ. ಮಾನ ಮೂರು ಕಾಸಿಗೆ ಹರಾಜಾಗುತ್ತದೆ ಎಂಬುದು ಮಕ್ಕಳ ವಾದ. ಯಾರ ವಾದ ಸರಿ ಎಂದು ಹೇಳಬೇಕಾದವರು ಒಮ್ಮೆ ಆ ಬೆಂಚಿನಲ್ಲಿ ಕೂತು ನೋಡಬೇಕು.

ಇಸ್ತ್ರಿ ಅಂಗಡಿಯವಳ ದೊಡ್ಡ ಮಗಳಿಗೆ ಪಟಾಕಿ ಎಂದು ಹೆಸರು ಬಂದದ್ದು ಅವಳ ಬಾಯಿಂದ. ಹೋದ ವರ್ಷದವರೆಗೆ ಅವಳು ಕೆಳಗೆ ಹೋಗುವವರನ್ನು ನೋಡಿ ಕಿಸಿಕಿಸಿ ನಗುತ್ತಿದ್ದಳು. ಈ ವರ್ಷ ಅವಳು ಆರನೆಯ ತರಗತಿಗೆ ಬಂದಳು, ಅವಳ ತಂಗಿ ಚೋಟು ಪಾಸಾಗಿ ಆ ನಾಲ್ಕನೇ ತರಗತಿಗೇ ಬಂದು ಕೂತಳು. ಅಂದಿನಿಂದ ಪಟಾಕಿಯ ನಗು ನಿಂತಿತು. ಏಕೆಂದರೆ ಶಾಲೆಯ ದಾರಿಯುದ್ದಕ್ಕೂ ಅವಳು ತಂಗಿಗೆ ಬಿಟ್ಟ ಬುರುಡೆ ಅಂಥದ್ದು.

"ಕತ್ತರಿ ಮಿಸ್ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಸಾಕು, ಕಲಿತಿದ್ದೆಲ್ಲ ಮರೆತುಹೋಗತ್ತೆ. ಒಬ್ಬ ಹುಡುಗ ತನ್ನ ಹೆಸರನ್ನೇ ಮರೆತುಬಿಟ್ಟ, ಗೊತ್ತಾ?"

"ಆಮೇಲೆ?"

"ಆಮೇಲೇನು, ಕೆಳಗೆ ಕಳಿಸಿದ್ರು. ಹಾಗೆ ಹೋದೋರು ಮತ್ತೆ ಮೊದಲಿನ ಥರ ಆಗೋದೇ ಇಲ್ಲ."

"ನಿಂಗೆ ಭಯ ಆಗಲ್ವಾ ಅಕ್ಕ?"

"ನಂಗಾ? ಮಿಸ್ಸೇ ನನ್ನ ಕಂಡ್ರೆ ಹೆದರ್ತಾರೆ ಕಣೆ."

ಚೋಟು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಕೇಳಿದ್ದನ್ನು ತನ್ನ ತರಗತಿಗೆಲ್ಲ ಸಾರಿ, ನಮ್ಮಕ್ಕ ಮಾತ್ರ ಯಾವತ್ತೂ ಕೆಳಗೆ ಬರಲ್ಲ ಎಂದು ಪಣ ಕಟ್ಟಿದ್ದಳಂತೆ. ಇದು ತಿಳಿದ ದಿನ ಪಟಾಕಿಯ ಮದ್ದು ಒದ್ದೆಯಾಯಿತು. ಊರಿಗೆಲ್ಲ ಗೊತ್ತಾದರೂ ಚಿಂತೆಯಿಲ್ಲ, ಈ ಪುಟ್ಟ ಮುಖದ ಎದುರು ಚೀಲ ಹೊತ್ತು ನಿಲ್ಲುವುದು ಬೇಡ ಎಂದು ಅವಳು ಬೇಡಿಕೊಳ್ಳದ ಗಳಿಗೆಯಿಲ್ಲ.

ಅಷ್ಟರಲ್ಲಿ ಆಡ್ವರ್ಬ್ ಪಾಠ ಬಂತು. ಪಟಾಕಿ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಓಡಿದಳು. ಹತ್ತನೇ ತರಗತಿವರೆಗೆ ಓದಿದ್ದ ಅಮ್ಮ ಷರ್ಟಿನ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುತ್ತಲೇ ಕೇಳಿದಳು.

"ನಾನು ಏನ್ ಮಾಡ್ತಿದ್ದೀನಿ?"

"ಇಸ್ತ್ರಿ."

"ಅದು ಕೆಲಸ. ಹೇಗೆ ಮಾಡ್ತಿದ್ದೀನಿ?"

"ನಿಧಾನವಾಗಿ."

"ಎಲ್ಲಿ?"

"ಇಲ್ಲಿ."

"ಯಾವಾಗ?"

"ಯಾವಾಗ್ಲೂ," ಎಂದಳು ಪಟಾಕಿ. ಅಮ್ಮನಿಗೆ ನಗು ಬಂತು.

"ಸರಿಯಾಗೇ ಹೇಳ್ದೆ. ಕೆಲಸದ ಪದ ಹುಡುಕು, ಅದನ್ನ ಹೀಗೆ ಕೇಳ್ತಾ ಹೋಗು. ಉತ್ತರ ಕೊಡೋ ಪದಾನೇ ಆಡ್ವರ್ಬ್. 'ತುಂಬಾ ಬಿಸಿ' ಅಂದ್ರೆ ಆ 'ತುಂಬಾ' ಕೂಡ ಅದೇ ಜಾತಿ, ಎಷ್ಟು ಬಿಸಿ ಅಂತ ಹೇಳತ್ತಲ್ಲ. ಆದ್ರೆ ಕೊನೇಲಿ 'ಲಿ' ಇದೆ ಅಂತ ಮರುಳಾಗ್ಬೇಡ. ಬಾಲ ಇದ್ದದ್ದೆಲ್ಲ ಕೋತಿಯಲ್ಲ. 'ಫ್ರೆಂಡ್ಲಿ' ಮನುಷ್ಯನ ಗುಣ. 'ಫಾಸ್ಟ್'ಗೆ ಬಾಲ ಇಲ್ಲ, ಆದ್ರೂ ಹೇಗೆ ಓಡ್ದ ಅಂತ ಹೇಳತ್ತೆ."

ಪಟಾಕಿ ಕೇಳಿದ ಕೂಡಲೇ ಕಲಿತಳು. ಅಂಗಡಿಗೆ ಬಂದ ಗಿರಾಕಿಯ ಮಾತಿನಲ್ಲೂ ಆಡ್ವರ್ಬ್ ಹೆಕ್ಕಿದಳು. ಆದರೂ ಭಯ ಹೋಗಲಿಲ್ಲ, ಏಕೆಂದರೆ ಆ ಭಯ ತಂದದ್ದು ಆಡ್ವರ್ಬ್ ಅಲ್ಲ.

ಮರುದಿನ ಮಿಸ್ ಆಡ್ವರ್ಬಿನ ಕೆಳಗೆ ಗೆರೆ ಎಳೆಯಲು ಅವಳನ್ನು ಕರೆದರು. ಬೋರ್ಡಿನ ಮೇಲಿದ್ದದ್ದು ಇಡೀ ಪುಸ್ತಕದಲ್ಲೇ ಸುಲಭದ ವಾಕ್ಯ, "ದಿ ಓಲ್ಡ್ ಮ್ಯಾನ್ ವಾಕ್ಸ್ ಸ್ಲೋಲಿ." ಮುದುಕ ನಡೆಯುತ್ತಾನೆ, ಹೇಗೆ? ಪಟಾಕಿ ಪ್ರಶ್ನೆಯನ್ನು ಕೇಳಿಕೊಂಡಳು. ಉತ್ತರದ ಬದಲು ಕಣ್ಣ ಮುಂದೆ ಬಂದದ್ದು ಮೆಟ್ಟಿಲು, ಮೆಟ್ಟಿಲ ಕೆಳಗಿನ ಬಾಗಿಲು, ಬಾಗಿಲ ಕಡೆಗೆ ತಿರುಗುವ ತಂಗಿಯ ಮುಖ. ಸೀಮೆಸುಣ್ಣ ಬೆವರಿಗೆ ಜಾರಿತು. ಹಿಂದಿನಿಂದ ಯಾರೋ "ಕೊನೇದು, ಕೊನೇದು" ಎಂದು ಪಿಸುಗುಟ್ಟಿದ್ದೂ ಕೇಳಿಸಿತು. ಕೈ ಹೋಗಿ "ಓಲ್ಡ್" ಪದದ ಕೆಳಗೆ ಗೆರೆ ಎಳೆಯಿತು.

ಮಿಸ್ ಅವಳನ್ನೇ ನೋಡಿದರು. ಅವರಿಗೂ ಬೇಜಾರಾದಂತಿತ್ತು. "ಚೀಲ ತಗೊಂಡು ಕೆಳಗೆ ಹೋಗಮ್ಮ," ಎಂದರು.

ಮೆಟ್ಟಿಲಿಳಿಯುವಾಗ ಪಟಾಕಿಗೆ ಓಡಿಹೋಗಿ ಅಂಗಡಿಯ ಬಟ್ಟೆ ಗಂಟಿನ ಹಿಂದೆ ಅಡಗಿಬಿಡೋಣ ಎನ್ನಿಸಿತು. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ನಾಲ್ಕನೇ ತರಗತಿಯ ಮೇಷ್ಟ್ರು ಭೂಪಟ ನೇತುಹಾಕುತ್ತಿದ್ದವರು, ಮೇಲಿನಿಂದ ಬಂದ ಮಕ್ಕಳನ್ನು ನೋಡಿ ರೂಢಿಯಾದವರಂತೆ ಕೊನೆಯ ಬೆಂಚು ತೋರಿಸಿದರು. ಪಟಾಕಿ ಹೆದರಿಕೆಯಿಂದ ಮೊದಲ ಬೆಂಚಿನ ಕಡೆ ನೋಡಿದಳು. ತಾನು ಅಲ್ಲೇ ಕೂರುವುದು ಎಂದು ಚೋಟು ಮನೆಯಲ್ಲಿ ಹೇಳಿದ್ದಳು. ಅಲ್ಲಿರಲಿಲ್ಲ.

ಚೋಟು ಕೊನೆಯ ಬೆಂಚಿನ ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು. ಅಕ್ಕನನ್ನು ಕಂಡವಳೇ ಸರಿದು ಜಾಗ ಮಾಡಿದಳು. ಮುಖದಲ್ಲಿ ಆಶ್ಚರ್ಯಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು.

"ನಂಗೆ ಭಯ ಆಗ್ತಿದೆ ಅಂತ ನಿಂಗ್ಯಾರು ಹೇಳಿದ್ರು ಅಕ್ಕ?" ಎಂದು ಪಿಸುಗುಟ್ಟಿದಳು.

ಪಟಾಕಿಗೆ ತಲೆಬುಡ ಅರ್ಥವಾಗಲಿಲ್ಲ. "ಯಾಕೆ ಇಲ್ಲಿ ಕೂತಿದ್ದೀಯ?"

"ತಪ್ಪು ಹೇಳೋರು ಇಲ್ಲೇ ಕೂರೋದು. ನಾನು ಬೇಕಂತಲೇ ತಪ್ಪು ಹೇಳ್ತೀನಿ." ಚೋಟು ಚಾವಣಿಯತ್ತ ಬೆರಳು ತೋರಿಸಿದಳು. "ಪಾಸಾದ್ರೆ ಒಂದಿನ ಮೇಲೆ ಕತ್ತರಿ ಮಿಸ್ ಹತ್ರ ಹೋಗ್ಬೇಕಲ್ಲ. ನಾನು ನಿನ್ನ ಥರ ಅಲ್ಲ. ನಾನು ನನ್ನ ಹೆಸರು ಮರೆತುಬಿಡ್ತೀನಿ."

ತಾನು ಬಿಟ್ಟ ಬುರುಡೆ ಎಲ್ಲಿಗೆ ಮುಟ್ಟಿದೆ ಎಂದು ಪಟಾಕಿಗೆ ಈಗ ತಿಳಿಯಿತು. ಬೋರ್ಡಿನ ಮುಂದೆ ನಿಂತಾಗ ಆದ ಭಯ ಇದರ ಮುಂದೆ ಏನೂ ಅಲ್ಲ. ನಿನಗಾಗಿಯೇ ಬಂದೆ ಎಂದರೆ ಸಾಕಿತ್ತು, ತಂಗಿ ನಂಬುತ್ತಿದ್ದಳು, ಮಾನವೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನಿಂಗೋಸ್ಕರ ಬಂದಿಲ್ಲ ಕಣೆ," ಎಂದಳು. "ನಂಗೆ ಉತ್ತರ ಹೇಳಕ್ಕಾಗ್ಲಿಲ್ಲ, ಮಿಸ್ ಕಳಿಸಿದ್ರು. ಗೊತ್ತಿತ್ತು, ಭಯಕ್ಕೆ ಬರ್ಲಿಲ್ಲ. ಹೆಸರು ಮರೆತ ಹುಡುಗ ಯಾರೂ ಇಲ್ಲ. ಎಲ್ಲ ನಾನೇ ಕಟ್ಟಿದ್ದು."

ಚೋಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಂಗೂ ಭಯ ಆಗತ್ತಾ?"

"ದಿನಾ ಆಗತ್ತೆ."

"ಕೆಳಗೆ ಬಂದ್ಮೇಲೆ ಏನಾಗತ್ತೆ?"

"ಏನೂ ಆಗಲ್ಲ. ಮೊಣಕಾಲು ನೋಯತ್ತೆ."

ಮೇಷ್ಟ್ರು ಭೂಪಟದ ಮೇಲೆ ಕೋಲಿಟ್ಟು, ಈ ನದಿ ಎಲ್ಲಿ ಹುಟ್ಟುತ್ತೆ ಎಂದು ಕೊನೆಯ ಬೆಂಚಿನ ಕಡೆ ತಿರುಗಿದರು. ಚೋಟು ಅಕ್ಕನ ಕಡೆ ನೋಡಿದಳು.

"ಗೊತ್ತಾ?" ಎಂದು ಪಟಾಕಿ ಉಸಿರಲ್ಲೇ ಕೇಳಿದಳು.

"ಗೊತ್ತು."

"ಹೇಳು ಹಾಗಾದ್ರೆ."

ಚೋಟು ಬೆಂಚಿನ ಕೆಳಗೆ ಅಕ್ಕನ ಕೈ ಹುಡುಕಿ ಹಿಡಿದಳು. ಹಾಗೇ ಹಿಡಿದುಕೊಂಡು ಅವಳು ಎದ್ದು ನಿಂತಳು.