ಮೂರನೇ ಡೌನ್‌ಲೋಡು

ಚಿಕ್ಕಬಾಣಾವರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೈಬರ್ ಸೆಂಟರು. 2015ರ ಜುಲೈನಲ್ಲಿ ಒಂದು ಮಧ್ಯಾಹ್ನ ಕಾಶಿನಾಥ ಎಂಬವರು ಮಗಳು ಸ್ಮಿತಾಳನ್ನು ಕರೆದುಕೊಂಡು ಬಂದರು. ಬಾಗಲಕೋಟೆ ಕಡೆಯವರು, ನಾಗಸಂದ್ರದ ಹತ್ತಿರ ಫ್ಯಾಕ್ಟರಿ ಕೆಲಸ. ಮಗಳು ಇಂಜಿನಿಯರಿಂಗ್ ಗಣಿತದಲ್ಲಿ ಫೇಲು.

"ಇಪ್ಪತ್ತು ಪುಟ ಬರ್ದಾಳ್ರೀ, ಅವ್ರು ನೋಡೇ ಇಲ್ಲ. ಪೇಪರ್ ತೆಗೀರಿ. ರೀವ್ಯಾಲ್ಯುಯೇಶನ್‌ಗೆ ಇವತ್ತ ಕಡೀ ದಿನ," ಎಂದರು.

ಯೂನಿವರ್ಸಿಟಿ ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಲಿಂಕ್ ಕೊಟ್ಟಿತ್ತು. ಮೂರೇ ಸಲ ಇಳಿಸಿಕೊಳ್ಳಬಹುದು. ಇಳಿಸಿದೆ, ಬಂದದ್ದು ಜಿಪ್ ಫೈಲು, ಅಂದರೆ ಕುಗ್ಗಿಸಿ ಗಂಟು ಕಟ್ಟಿದ್ದು. ಬಿಚ್ಚಲು ಹೋದರೆ ಇದು ಜಿಪ್ಪೇ ಅಲ್ಲ ಅಂತು ಕಂಪ್ಯೂಟರು. ಅಳಿಸಿ ಮತ್ತೆ ಇಳಿಸಿದೆ. ಅದೇ ರಾಗ. ನನಗೆ ಪಿತ್ತ ನೆತ್ತಿಗೇರಿತು.

"ಬಿಡ್ರಿ ಅಂಕಲ್, ಫೈಲೇ ಕೆಟ್ಟೈತಿ," ಎಂದಳು ಸ್ಮಿತಾ.

"ಸುಮ್ನಿರಮ್ಮ. ನನ್ ಅಂಗಡೀಲಿ ಫೈಲ್ ಓಪನ್ ಆಗ್ದೆ ವಾಪಸ್ ಹೋದೋರಿಲ್ಲ." ಹಾಗೆ ಹೋದವರು ಬೇಕಾದಷ್ಟು ಜನ ಇದ್ದರು. ಆದರೆ ರೇಗಿತ್ತಲ್ಲ.

ಮೂರನೆಯದನ್ನು ಇಳಿಸಿ, ಮುಟ್ಟದೆ ಕೂತು ಯೋಚಿಸಿದೆ. ಫೈಲಿನ ಜೊತೆಗೆ ಸರ್ವರ್ ಒಂದು ಚೀಟಿ ಕಳಿಸುತ್ತದೆ, ಇದನ್ನೇನು ಮಾಡಬೇಕು ಅಂತ ಬ್ರೌಸರಿಗೆ ಹೇಳಲು. ಆ ಚೀಟಿಯೇ ತಪ್ಪಿರಬೇಕು ಅನ್ನಿಸಿತು. ಜಿಪ್ಪನ್ನು ಹಾಗೇ ಇಳಿಸು ಅನ್ನುವ ಬದಲು ಬಿಚ್ಚಿ ಇಳಿಸು ಅಂದಿತ್ತು. ಬ್ರೌಸರ್, ಪಾಪ, ಹೇಳಿದ್ದು ಕೇಳಿತ್ತು. ಹೆಸರು ಮಾತ್ರ ಜಿಪ್ ಅಂತಲೇ ಉಳಿದಿತ್ತು. ಸುಲಿದ ಬೆಳ್ಳುಳ್ಳಿಯನ್ನು ಮತ್ತೆ ಸುಲಿಯಲು ಕೂತಿದ್ದೆ ನಾನು. ಹೆಸರಿನ ಬಾಲ ಅಳಿಸಿ ಪಿಡಿಎಫ್ ಅಂತ ಬರೆದು ಕ್ಲಿಕ್ ಮಾಡಿದೆ. ತೆರೆದುಕೊಂಡಿತು.

"ನೋಡಿ ಸರ್!" ಎಂದು ಮಾನಿಟರನ್ನು ಅವರತ್ತ ತಿರುಗಿಸಿದೆ. ಎಂಥಾ ಖುಷಿ ನನಗೆ!

ಮೊದಲ ನಾಲ್ಕು ಪುಟಗಳಲ್ಲಿ ಲೆಕ್ಕಗಳಿದ್ದವು. ಐದನೆಯದು ಖಾಲಿ. ಆರನೆಯದೂ ಖಾಲಿ. "ಇನ್ನೂ ಕೆಳಗ ಹೋಗ್ರಿ," ಎಂದರು ಕಾಶಿನಾಥ. ಹೋದೆ. ಕೊನೆಯವರೆಗೂ ಖಾಲಿ, ಪ್ರತಿ ಪುಟಕ್ಕೂ ಮೌಲ್ಯಮಾಪಕರು ಎಳೆದ ಕೆಂಪು ಶಾಯಿಯ ಅಡ್ಡಗೆರೆ. ಈ ಹುಡುಗಿ ಬಿಡ್ರಿ ಅಂದಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ ಅನ್ನಿಸಿತು.

ಕಾಶಿನಾಥ ಪರದೆ ಬಿಟ್ಟು ನನ್ನ ಮುಖ ನೋಡಿದರು. "ಫೈಲ್ ಕೆಟ್ಟಿದ್ದಕ್ಕ ಹಿಂಗ ಬಂದೈತೇನ್ರಿ?"

ನಾನು ಹೌದು ಅನ್ನಲಿ ಎಂದು ಕಾಯುತ್ತಿದ್ದರು. ನನಗೂ ಅನ್ನಬೇಕೆನಿಸಿತು. ಬಾಯಿ ತೆರೆದೆ.

"ಇಲ್ಲಪ್ಪಾ," ಎಂದಳು ಸ್ಮಿತಾ. "ಫೈಲ್ ಸರಿ ಐತಿ."