ಕಾವಲು ಗೋಪುರದ ಇಂಗ್ಲಿಷ್

ಪೋರ್ಚುಗೀಸರ ಪೀಕು ದ್ವೀಪದಲ್ಲಿ ಬೆಳಗೆಂದರೆ ಮೊದಲು ಮಂಜು, ಆಮೇಲೆ ಕಡಲು. ಗುಡ್ಡದ ಮೇಲಿನ ಬಿಳಿಯ ಗೋಪುರದಲ್ಲಿ ಅಮೀಲ್ಕರ ದುರ್ಬೀನು ಹಿಡಿದು ಕೂತಿರುತ್ತಿದ್ದ. ದೂರದಲ್ಲಿ ತಿಮಿಂಗಿಲ ಉಸಿರು ಬಿಟ್ಟರೆ ಅರಳೆಯಂಥ ಒಂದು ಬಿಳುಪು ಏಳುತ್ತದೆ. ಅದನ್ನು ಕಂಡು ಪ್ರವಾಸಿಗರ ದೋಣಿಗೆ ರೇಡಿಯೋದಲ್ಲಿ ದಾರಿ ಹೇಳುವುದು ಅವನ ಕೆಲಸ. ಅವನ ಅಪ್ಪ ಕೂತಿದ್ದೂ ಅದೇ ಗೋಪುರದಲ್ಲಿ.

ಈ ವರ್ಷ ದೋಣಿ ನಡೆಸಲು ಐರ್ಲೆಂಡಿನಿಂದ ಓರ್ಲಾ ಎಂಬವಳು ಬಂದಳು. ಅವಳಿಗೆ ಪೋರ್ಚುಗೀಸ್ ಬಾರದು. ಅವಳ ಇಂಗ್ಲಿಷ್ ಅಮೀಲ್ಕರನ ಕಿವಿಗೆ ಗಾಳಿಯ ಹಾಗೆ ಬಂದು ಗಾಳಿಯ ಹಾಗೇ ಹೋಗುತ್ತಿತ್ತು. ಬೇಸಿಗೆ ಬರುವುದರೊಳಗೆ ಇಂಗ್ಲಿಷ್ ಕಲಿಯದಿದ್ದರೆ ಗೋಪುರದ ಕೆಲಸ ಬೇರೆಯವರ ಪಾಲು.

“ಗಿಡವಾಗಿ ಬಗ್ಗದ್ದು ಮರವಾದ್ಮೇಲೆ ಬಗ್ಗುತ್ತಾ? ಬಿಟ್ಟಾಕ್ರೀ,” ಎಂದಳು ಹೆಂಡತಿ ಲಿಯೊನಿಲ್ಡ್, ಸೂಪು ಬಡಿಸುತ್ತಾ.

ಬಂದರಿನ ಟಿಕೆಟ್ ಕಿಟಕಿಯಲ್ಲಿ ಕೂರುವ ಅವಳ ತಂಗಿ ಜುಲ್ಮೀರಾ ಅಂದು ಊಟಕ್ಕೆ ಬಂದಿದ್ದಳು. “ಭಾವ, ನಿಮ್ಮ ಫೋನಿಗೆ ಇಂಗ್ಲಿಷ್ ಕಲಿಯೋ ಆ್ಯಪ್ ಹಾಕ್ಕೊಟ್ಟಿದ್ನಲ್ಲ, ಏನ್ ಮಾಡಿದ್ರಿ?”

“ದಿನಾ ವಿಡಿಯೋ ನೋಡ್ತೀನಮ್ಮ. ಕೆಳಗೆ ನಮ್ಮ ಭಾಷೇಲಿ ಬರೆದಿರ್ತಾರಲ್ಲ, ಎಲ್ಲಾ ಅರ್ಥ ಆಗುತ್ತೆ.”

“ಅಂದ್ರೆ ಓದ್ತೀರಿ, ಕೇಳೋದಿಲ್ಲ. ಬಾಯಿಬಿಟ್ಟು ಹೇಳಿದ್ರಾ?”

“ಸರಿಯಾಗಿ ಬರ್ಲಿ, ಆಮೇಲೆ ಹೇಳ್ತೀನಿ.”

ಅದು ಗೋಪುರದವರ ಹಳೆಯ ಕಟ್ಟಳೆ. ಆ ಬಿಳುಪು ಎರಡನೇ ಸಲ ಏಳುವವರೆಗೂ ತುಟಿ ತೆರೆಯಬಾರದು. ಅಲೆಯ ನೊರೆಯನ್ನೇ ತಿಮಿಂಗಿಲವೆಂದು ಕೂಗಿದವನನ್ನು ಊರು ವರ್ಷವಿಡೀ ಆಡಿಕೊಳ್ಳುತ್ತದೆ.

“ಫೋನಿಗೆ ನಗೋಕೆ ಬರಲ್ಲ ಭಾವ,” ಎಂದಳು ಜುಲ್ಮೀರಾ. “ಅಲ್ಲಿ ನೊರೆ ನೋಡಿ ಕೂಗಿದ್ರೂ ಯಾವ ದೋಣೀನೂ ಹೊರಡಲ್ಲ. ಕಡಲು ನೋಡೋದು ಹೇಗೆ ಕಲಿತ್ರಿ?”

“ಒಂದೇ ಜಾಗದ ನೀರನ್ನ ದಿನಾ ನೋಡಿ ನೋಡಿ.”

“ಕಿವೀಗೂ ಹಾಗೇ. ಐರ್ಲೆಂಡಿನವರು ಮಾತಾಡೋ ಒಂದು ಸಣ್ಣ ವಿಡಿಯೋ ಸಾಕು. ಮೊದ್ಲು ಕೆಳಗಿನ ಅಕ್ಷರ ಮುಚ್ಚಿ ಕೇಳಿ. ಆಮೇಲೆ ಇಂಗ್ಲಿಷ್ ಅಕ್ಷರ ನೋಡ್ಕೊಂಡು ಕೇಳಿ. ಓಟ ಜಾಸ್ತಿ ಅನ್ಸಿದ್ರೆ ವೇಗ ಇಳಿಸಿ. ನಿಲ್ಲಿಸಿ ನಿಲ್ಲಿಸಿ, ಅವರ ಹಿಂದೇನೇ ಗಟ್ಟಿಯಾಗಿ ಹೇಳಿ. ನಿಮ್ಮ ದನಿ ರೆಕಾರ್ಡ್ ಮಾಡಿ, ಅವರದ್ದಕ್ಕೆ ಹೋಲಿಸಿ ನೋಡಿ.”

“ಒಬ್ರೇ ಕೂತು ಮಾತಾಡ್ತಿದ್ರೆ ಗುಡ್ಡದ ಹಸುಗಳು ಹೆದರ್ತಾವೆ,” ಎಂದಳು ಲಿಯೊನಿಲ್ಡ್.

ಅಂದಿನಿಂದ ಮಂಜು ಕವಿದು ಕಡಲು ಕಾಣದ ಹೊತ್ತೆಲ್ಲ ಅಮೀಲ್ಕರನ ಅಭ್ಯಾಸದ ಹೊತ್ತಾಯಿತು. ಕಿವಿಯಲ್ಲಿ ಯಾರದೋ ದನಿ, ಕಣ್ಣ ಮುಂದೆ ಬೂದುಬಣ್ಣದ ಮಂಜು. ಮೊದಮೊದಲು ಆ ದನಿಯೂ ಬರೀ ಅಲೆ. ಬರಬರುತ್ತಾ ಅಲೆಯೊಳಗಿಂದ ಒಂದೊಂದೇ ಮಾತು ಬೆನ್ನೆತ್ತಿ ಕಾಣಿಸತೊಡಗಿತು. ಅವನೂ ಮಂಜಿನೊಳಕ್ಕೆ ಹೇಳಿದ. ತಪ್ಪಿದ. ಮತ್ತೆ ಹೇಳಿದ. ಹಸುಗಳು ಮೇಯುತ್ತಲೇ ಇದ್ದವು.

ಬೇಸಿಗೆಯ ಮೊದಲ ದೋಣಿ ಹೊರಟ ದಿನ ದೂರದಲ್ಲಿ ಬಿಳುಪು ಎದ್ದಿತು. ಮತ್ತೊಮ್ಮೆ ಎದ್ದಿತು. ಅಮೀಲ್ಕರ ಇಂಗ್ಲಿಷಿನಲ್ಲಿ ದಿಕ್ಕು ಹೇಳಿದ. ಓರ್ಲಾ ಏನೋ ಕೇಳಿದಳು. ತಿಳಿಯಲಿಲ್ಲ. “ಇನ್ನೊಂದ್ಸಲ, ನಿಧಾನಕ್ಕೆ,” ಎಂದು ನಾಚದೆ ಅವಳ ಭಾಷೆಯಲ್ಲೇ ಕೇಳಿದ. ಈ ಸಲ ತಿಳಿಯಿತು. ಜೊತೆಗೆ ಮರಿ ಇದೆಯೇ ಎನ್ನುತ್ತಿದ್ದಳು.

“ಇದೆ. ದೂರದಲ್ಲೇ ನಿಲ್ಲಿಸಿ.”

ಕೆಳಗೆ ದೋಣಿ ಮೆಲ್ಲಗೆ ತಿರುಗಿ, ದೂರದಲ್ಲೇ ನಿಂತಿತು. ತಾಯಿಯೂ ಮರಿಯೂ ಅದರ ಮುಂದೆ ನೆಮ್ಮದಿಯಾಗಿ ಉಸಿರಾಡಿದವು.

ಆ ಸಂಜೆ ಲಿಯೊನಿಲ್ಡ್ ತನ್ನ ಫೋನನ್ನು ತಂಗಿಯ ಮುಂದಿಟ್ಟಳು. “ನಂಗೂ ಹಾಕ್ಕೊಡೇ ಅದನ್ನ. ಹೇಗೂ ಹಸುಗಳಿಗೆ ಅಭ್ಯಾಸ ಆಗಿದೆ.”

ಫೋನು ನಿಮ್ಮ ಮನೆಯಲ್ಲೂ ಇದೆ. ಅನ್ನ ಕುದಿಯುವ ಹೊತ್ತು, ಬಸ್ಸಿಗೆ ಕಾಯುವ ಹೊತ್ತು, ಮಕ್ಕಳು ಮಲಗಿದ ಮೇಲೆ ಉಳಿಯುವ ಚೂರು ಹೊತ್ತು, ಅಷ್ಟೇ ಸಾಕು. ಕಲಿಯಬೇಕಾದ ಭಾಷೆಯ ಒಂದೇ ಸಣ್ಣ ವಿಡಿಯೋ ಆರಿಸಿಕೊಳ್ಳಿ. ಅಕ್ಷರ ಮುಚ್ಚಿ ಕೇಳಿ, ಬಾಯಿಬಿಟ್ಟು ಹೇಳಿ. ತಪ್ಪಾದರೆ ಆಗಲಿ. ಪೂರ್ತಿ ಸರಿಯಾಗಿ ಬರಲೆಂದು ಕಾಯುತ್ತಾ ಕೂತರೆ ತಿಮಿಂಗಿಲ ಮುಳುಗಿ ಹೋಗಿರುತ್ತದೆ.